ಜೆರ್ಟ್ರೂಡಳ ಲೆಕ್ಕ ಮತ್ತು ನಾನು

ಶಿರ್ವ
6 ಜುಲೈ 2025, ಭಾನುವಾರ

ಪ್ರೀತಿಯ ಸ್ಯಾಮ್ಸನ್ ಅಣ್ಣಾ,

ಬೆನ್ನುನೋವು ಕಡಿಮೆಯಾಯಿತಾ? ಮಸ್ಕತ್ತಿನ ಸೆಕೆಯಲ್ಲಿ ನೀರು ಸರಿಯಾಗಿ ಕುಡಿ. ಇಲ್ಲಿ ಎಲ್ಲರೂ ಸೌಖ್ಯ, ಮಮ್ಮಿಯ ಮಂಡಿನೋವು ಇದ್ದದ್ದೇ. ಫೋನಿನಲ್ಲಿ ಹೇಳಿದರೆ ಮನೆಯವರೆಲ್ಲ ಕೇಳುತ್ತಾರೆಂದು ಇದನ್ನು ಬರೆದು ಅಲ್ಲಿಗೆ ಹೊರಟ ರೊಸಾರಿಯೊ ಅಂಕಲ್ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಹೆಂಡತಿಯ ವಿಷಯ. ಜೆರ್ಟ್ರೂಡ್ ನನಗೆ ಅತ್ತಿಗೆಯಾಗುವ ಮೊದಲು ಗೆಳತಿ, ನಾನೇ ಮನೆಗೆ ಕರೆತಂದವಳು. ಈಗ ಇಬ್ಬರೂ ಒಂದೇ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತೇವೆ. ಅವಳೊಂದು ಸಾಫ್ಟ್‌ವೇರ್ ಮಾಡಿದ್ದಾಳೆ. ಅದರಲ್ಲಿ ಸೊನ್ನೆ ಉಂಟು, ಒಂದು ಕೂಡಿಸುವುದು ಉಂಟು, ಮಾಡಿದ್ದನ್ನೇ ಮತ್ತೆ ಮಾಡಿಸುವುದು ಉಂಟು. ಮಕ್ಕಳು ಅಷ್ಟರಿಂದಲೇ ಸಂಕಲನ, ಗುಣಾಕಾರ, ಮುಂದಿನದೆಲ್ಲ ತಾವೇ ಕಟ್ಟಿ ಓಡಿಸಿ ನೋಡಬೇಕು. ಕೆಲವು ಲೆಕ್ಕ ಉತ್ತರ ಕೊಟ್ಟು ನಿಲ್ಲುತ್ತವೆ, ಕೆಲವು ನಿಲ್ಲುವುದೇ ಇಲ್ಲ. ನನ್ನ ಪಾಠದಲ್ಲಿ ತೂಕಡಿಸುವ ಮಕ್ಕಳು ಊಟ ಬಿಟ್ಟು ಅದರ ಮುಂದೆ ಕೂರುತ್ತಾರೆ. ಮಮ್ಮಿಯಂತೂ ಇಗರ್ಜಿಯ ಅಂಗಳದಲ್ಲಿ ಕಂಡಕಂಡವರಿಗೆ "ನಮ್ಮ ಸೊಸೆ ಮಾಡಿದ್ದು" ಎನ್ನುತ್ತಾರೆ. ಇಂಥದ್ದೊಂದು ಮಾಡಬೇಕೆಂದು ಮೊದಲು ಹೇಳಿದವಳು ನಾನು ಅಣ್ಣಾ. ನಾನು ಹೇಳುತ್ತಾ ಇದ್ದೆ, ಅವಳು ಮಾಡಿದಳು. ಹೊಟ್ಟೆ ಉರಿಯಿತು.

ಕಳೆದ ವಾರ ಮಣಿಪಾಲದಲ್ಲಿ ಅವಳು ಅದನ್ನು ಬೇರೆ ಕಾಲೇಜಿನವರಿಗೆ ತೋರಿಸಿದಳು. ಲೆಕ್ಕ ಸ್ವಲ್ಪ ಹೊತ್ತು ಓಡಿ ಮುಗಿಯದಿದ್ದರೆ ಸಾಫ್ಟ್‌ವೇರ್ "ಉತ್ತರ ಇಲ್ಲ" ಎನ್ನುತ್ತದೆ. ಅದು ತಪ್ಪೆಂದು ನನಗೆ ಗೊತ್ತಿತ್ತು. ಬಹಳ ನಿಧಾನವಾದರೂ ಖಂಡಿತ ಮುಗಿಯುವ ಲೆಕ್ಕವೊಂದನ್ನು ಕಟ್ಟಿಕೊಂಡು ಹೋಗಿ, ಎಲ್ಲರೆದುರು ಓಡಿಸಲು ಹೇಳಿದೆ. "ಉತ್ತರ ಇಲ್ಲ" ಎಂದು ಬಂತು. ಉತ್ತರ ಉಂಟೆಂದು ನಾನು ಬೋರ್ಡಿನಲ್ಲಿ ಸಾಧಿಸಿ ತೋರಿಸಿದೆ. ಅವಳ ಮುಖ ಕೆಂಪಾದದ್ದು ನೋಡಿ ಎಷ್ಟು ಹಿತವಾಯಿತೆಂದು ನಿನಗೆ ಹೇಗೆ ಬರೆಯಲಿ? ಅವಳೋ ಮೈಕಿನಲ್ಲೇ, "ಶಾರ್ಲೆಟ್ ಹೇಳಿದ್ದು ಸರಿ. ಕಾಯುವುದನ್ನು ನಿಲ್ಲಿಸಿದ್ದು ನಾನು, ಲೆಕ್ಕ ನಿಂತದ್ದಲ್ಲ" ಎಂದಳು. ಅಲ್ಲೇ ಕೂತು ಸಾಫ್ಟ್‌ವೇರಿನ ಆ "ಉತ್ತರ ಇಲ್ಲ" ಎಂಬುದನ್ನು "ಇನ್ನೂ ಗೊತ್ತಿಲ್ಲ" ಎಂದು ತಿದ್ದಿದಳು. ಚಪ್ಪಾಳೆ ಬಿದ್ದದ್ದು ಅವಳಿಗೆ.

ವಾಪಸು ಬರುವಾಗ ಕಟಪಾಡಿಯಲ್ಲಿ ಬಸ್ಸಿಳಿದೆವು. ಶಿರ್ವದ ಬಸ್ಸಿಗೆ ಕಾಯುವಾಗ, "ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ? ಮನೆಯಲ್ಲೇ ಹೇಳಬಹುದಿತ್ತು ಮಾರಾಯ್ತಿ" ಎಂದಳು, ಅಷ್ಟೇ. ಬೈದಿದ್ದರೆ ನನಗೆ ಸುಲಭ ಇತ್ತು. ಮರುದಿನ ನೋಡಿದರೆ ಸಾಫ್ಟ್‌ವೇರಿನ ಮೊದಲ ಪುಟದಲ್ಲಿ ಅವಳ ಹೆಸರಿನ ಪಕ್ಕ ನನ್ನ ಹೆಸರು. ಅದಕ್ಕೆ ಇನ್ನೂ ಉರಿಯಿತು. ಒಳ್ಳೆಯತನವೂ ಅವಳಿಗೇ ಸಿಗಬೇಕಾ?

ಮಮ್ಮಿ ನಿನ್ನ ಹೆಸರಲ್ಲಿ ದಿನಾ ಜಪಮಾಲೆ ಹಿಡಿದು ತೇರ್ಸ ಹೇಳುತ್ತಾರೆ. ದೇವರು ನಿನ್ನನ್ನು ಕಾಯಲಿ.

ನಿನ್ನ ತಂಗಿ,
ಶಾರ್ಲೆಟ್

ತಾ.ಕ.: ಅಂಕಲ್ ಬಾಗಿಲಲ್ಲಿ ನಿಂತಿದ್ದಾರೆ. ನೀನು ಅವಳಿಗೆ ವೀಸಾ ಮಾಡಿಸುತ್ತಿದ್ದೀಯಂತೆ. ಅವಳಿಗೆ ಮಣಿಪಾಲದಲ್ಲಿ ಪಿಎಚ್.ಡಿ. ಸೀಟು ಸಿಕ್ಕಿದೆ, ನಿನಗೆ ಬೇಸರವಾದೀತೆಂದು ಅವಳು ಹೇಳಿಲ್ಲ. ಅವಳು ಮಸ್ಕತ್ತಿಗೆ ಬಂದರೆ ಕಾಲೇಜಿನ ಮಕ್ಕಳೂ ಮಮ್ಮಿಯೂ ನನಗೊಬ್ಬಳಿಗೇ ಸಿಗುತ್ತಾರೆ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ: ಅವಳನ್ನು ಈಗ ಕರೆಸಬೇಡ. ಬೇಕಾದರೆ ರಜೆ ಹಾಕಿ ನೀನೇ ಬಾ.