ವಾಸನೆ: ಇಲ್ಲ

ಮಾರ್ಚ್ ೧೪, ಗುರುವಾರ

ಪ್ರೀತಿಯ ಮೂಗಣ್ಣ,

ಹೇಗಿದ್ದೀಯ ಅಂತ ಕೇಳುವುದಿಲ್ಲ. ನಿನ್ನ ಮಗಳು ಫೋನಿನಲ್ಲಿ ಎಲ್ಲ ಹೇಳಿದ್ದಾಳೆ. ಕ್ಯಾನ್ಸರ್ ಹಿಡಿದ ಮೂತ್ರಪಿಂಡವನ್ನು ತೆಗೆದಿದ್ದಾರೆ, ಇನ್ನೊಂದು ನೆಟ್ಟಗೆ ಕೆಲಸ ಮಾಡುತ್ತಿದೆ, ನೀನು ಊಟಕ್ಕೆ ಉಪ್ಪಿಲ್ಲ ಅಂತ ನರ್ಸಮ್ಮನ ಹತ್ತಿರ ಜಗಳಕ್ಕೆ ನಿಂತಿದ್ದೀಯಂತೆ. ಜಗಳವಾಡುವಷ್ಟು ತ್ರಾಣ ಇದೆಯಲ್ಲ, ಅಷ್ಟು ಸಾಕು. ನಿನ್ನ ಕಾಗದ ಬಂದು ಮೂರು ತಿಂಗಳಾದವು. ತಡವಾಗಿದ್ದನ್ನು ಹೊಟ್ಟೆಗೆ ಹಾಕಿಕೋ. ಕನ್ನಡಕ ಒಡೆದಿತ್ತು ಅಂತ ಬರೆಯಬಹುದಿತ್ತು. ಒಡೆದಿರಲಿಲ್ಲ.

ಪಿಂಚಣಿ ಕಚೇರಿಯವರು ನಿನ್ನ ಅರ್ಜಿಯನ್ನು ತಳ್ಳಿಹಾಕಿದ ಪತ್ರದ ನಕಲನ್ನೂ ಅವಳೇ ಕಳಿಸಿದ್ದಳು. ಓದಿ ಮೈ ಉರಿದುಹೋಯಿತು. ನಮ್ಮ ಸೇನಾ ಕ್ಯಾಂಪಿನ ಬಾವಿ ನೀರಿನಿಂದಲೇ ಈ ರೋಗ ಬಂತು ಅನ್ನುವುದಕ್ಕೆ ಆಧಾರವಿಲ್ಲವಂತೆ! ನೀರಿನ ರಿಜಿಸ್ಟರಿನಲ್ಲಿ ಆರು ವರ್ಷ ಒಂದು ದಿನವೂ ತಪ್ಪದೆ 'ಬಣ್ಣ: ಇಲ್ಲ, ವಾಸನೆ: ಇಲ್ಲ' ಅಂತ ಇದೆಯಂತೆ, ಅದೂ ನಿನ್ನದೇ ಕೈಬರಹದಲ್ಲಿ. ದಿನಾ ಬೆಳಿಗ್ಗೆ ಪಂಪ್ ಶುರು ಮಾಡಿ ಮೊದಲ ಮಗ್ ನೀರು ನೀನೇ ಕುಡಿಯುತ್ತಿದ್ದೆ. ಬಾಯಲ್ಲಿ ಗುಳುಗುಳು ಅನ್ನಿಸಿ, ತೀರ್ಪು ಕೊಡುವ ನ್ಯಾಯಾಧೀಶನ ಮುಖ ಮಾಡಿ, ಆಮೇಲೆ ಬರೆಯುತ್ತಿದ್ದೆ. ಈಗ ಆ ಬರಹವೇ ನಿನಗೆ ಮುಳುವಾಗಿದೆ.

"ಅಪ್ಪ ಯಾರನ್ನೂ ಬೈಯಲ್ಲ ಚಿಕ್ಕಪ್ಪ," ಎಂದಳು ಮಗಳು. "'ನನ್ನ ಮೂಗೇ ಸರಿ ಇರ್ಲಿಲ್ಲ ಕಣಮ್ಮ, ಇಡೀ ತುಕಡಿಗೆ ಆ ನೀರು ಕುಡಿಸ್ಬಿಟ್ಟೆ' ಅಂತ ಗೋಡೆ ನೋಡ್ಕೊಂಡು ಕೂತಿರ್ತಾರೆ." ಆ ಮಾತು ಕೇಳಿದ ಮೇಲೆ ನನಗೆ ಮನೆಯಲ್ಲಿ ಕೂರಲು ಆಗಲಿಲ್ಲ.

ಮೊನ್ನೆ ಕ್ಯಾಂಪಿನ ನೀರಿನ ಬಗ್ಗೆ ಕೂತಿರುವ ವಿಚಾರಣಾ ಸಮಿತಿಯ ಕಚೇರಿಗೆ ಹೋದೆ. ಇಸ್ತ್ರಿ ಅಂಗಿ, ಮುಖ ಕಾಣುವ ಹಾಗೆ ಉಜ್ಜಿದ ಬೂಟು. 'ಪಾಲಿಶ್' ಅಂತ ನೀನೇ ಇಟ್ಟ ಹೆಸರಿಗೆ ಮರ್ಯಾದೆ ಬೇಡವೇ? ಲಿಫ್ಟು ಕೆಟ್ಟಿತ್ತು. ಮೂರು ಮಹಡಿ ಹತ್ತುವಷ್ಟರಲ್ಲಿ ನಾಲಿಗೆ ಹೊರಗೆ ಬಂತು. ಒಳಗೆ ಫೈಲುಗಳ ರಾಶಿಯ ನಡುವೆ ನಮ್ಮ ಮಕ್ಕಳ ವಯಸ್ಸಿನ ಒಬ್ಬ ಅಧಿಕಾರಿಣಿ.

"ನೀವು ಅಲ್ಲಿ ಏನಾಗಿದ್ರಿ?" ಎಂದು ಕೇಳಿದರು.

"ವಾಹನ ವರ್ಕ್‌ಶಾಪಿನ ಹೆಡ್ ಮೆಕ್ಯಾನಿಕ್, ಮೇಡಂ. ಆ ನೀರು ಕೆಡಿಸಿದವನು ನಾನೇ."

ಅವರು ಪೆನ್ನು ಕೆಳಗಿಟ್ಟರು. ನಾನು ಎಲ್ಲ ಹೇಳಿದೆ. ಎಂಜಿನ್ನಿನ ಭಾಗಗಳನ್ನು ಸಾಲ್ವೆಂಟಿನ ತೊಟ್ಟಿಯಲ್ಲಿ ಅದ್ದಿ ಜಿಡ್ಡು ತೆಗೆಯುತ್ತಿದ್ದೆವು. ಪ್ರತಿ ಶನಿವಾರ ಕೊಳೆಯಾದದ್ದನ್ನು ಎರಡು ಬಕೆಟ್ಟಿಗೆ ತುಂಬಿ ಶೆಡ್ಡಿನ ಹಿಂದಿನ ಮರಳು ಗುಂಡಿಗೆ ಸುರಿಯುತ್ತಿದ್ದೆ. ನೆಲದ ಮೇಲೆ ಒಂದು ಹನಿ ಕಾಣಕೂಡದು ಅಂತ ಆಜ್ಞೆ ಇತ್ತು. ಎಲ್ಲಿ ಚೆಲ್ಲಬೇಕು ಅಂತ ಯಾರೂ ಹೇಳಿರಲಿಲ್ಲ. ಮರಳು ಕುಡಿಯಿತು, ನೆಲ ಥಳಥಳ ಅಂತು, ನಾನು ಬೀಗಿದೆ. ಒಂಬತ್ತು ವರ್ಷ! ಗುಂಡಿಯಿಂದ ನಿನ್ನ ಬಾವಿಗೆ ನಲವತ್ತೆರಡು ಹೆಜ್ಜೆ; ಪೈಪು ಎಳೆಯುವಾಗ ನಾನೇ ಅಳೆದಿದ್ದೆ. ಅಲ್ಲೇ ನಕ್ಷೆ ಬರೆದುಕೊಟ್ಟೆ. ಜೊತೆಗೆ 'ಅತ್ಯಂತ ಸ್ವಚ್ಛ ವರ್ಕ್‌ಶಾಪ್' ಕಪ್ ಗೆದ್ದಾಗಿನ ಫೋಟೋ ಕೊಟ್ಟೆ. ಕಪ್ ಹಿಡಿದು ನಾನು ಹಲ್ಲು ಕಿರಿದಿದ್ದೇನೆ, ಹಿಂದೆ ಎರಡು ಬಕೆಟ್ಟು, ಅದರಾಚೆ ಗುಂಡಿ.

"ಇಷ್ಟು ದಿನ ಇದನ್ನೇ ಹುಡುಕ್ತಿದ್ವಿ," ಎಂದರು ಆಕೆ. ನಮ್ಮ ತುಕಡಿಯಲ್ಲಿ ಇನ್ನೂ ನಾಲ್ಕು ಜನಕ್ಕೆ ನಿನ್ನದೇ ರೋಗವಂತೆ. ಮುಂದಿನ ತಿಂಗಳು ಆ ಗುಂಡಿ ಅಗೆದು ಮಣ್ಣು ಪರೀಕ್ಷೆ ಮಾಡಿಸುತ್ತಾರೆ. ನಿನ್ನ ಅರ್ಜಿಯನ್ನು ಮತ್ತೆ ತೆರೆಯುತ್ತಾರೆ. ಈ ಸಲ ಗೆದ್ದೇ ಗೆಲ್ಲುತ್ತೀಯ. ನಾನು ಹೇಳುತ್ತಿದ್ದೇನೆ, ಬರೆದಿಟ್ಟುಕೋ.

ನನ್ನವಳು ಇಲ್ಲೇ ನಿಂತು ಇಣುಕುತ್ತಿದ್ದಾಳೆ. "ಅಣ್ಣ ಹುಷಾರಾಗಿ ಬರ್ಲಿ, ಉಪ್ಪು ನಾನು ಹಾಕ್ತೀನಿ ಅಂತ ಬರೀರಿ," ಅನ್ನುತ್ತಿದ್ದಾಳೆ. ಮಗಳಿಗೆ ನಮ್ಮಿಬ್ಬರ ಆಶೀರ್ವಾದ. ನೀನು ನೂರು ವರ್ಷ ಬಾಳು, ನನ್ನನ್ನು ಬೈಯುವುದಕ್ಕಾದರೂ.

ನಿನ್ನ
ಪಾಲಿಶ್

ತಾ.ಕ.: ನನ್ನವಳು ಒಳಗೆ ಹೋದಳು. ಇಷ್ಟು ಹೊತ್ತು ಜಂಬ ಕೊಚ್ಚಿದ್ದಾಯಿತು. ಕೊನೆಗೆ ಅಧಿಕಾರಿಣಿ "ನೀರಿಗೆ ಸೇರ್ತಿದೆ ಅಂತ ನಿಮಗೆ ಗೊತ್ತಿತ್ತಾ?" ಅಂತ ಕೇಳಿದರು. "ಇಲ್ಲ" ಅಂದೆ. ಸುಳ್ಳು.

ಆ ಕಪ್ಪಿನ ತಪಾಸಣೆಗೆ ಎರಡು ದಿನ ಇತ್ತು. ನೀನು ಮಗ್ ಹಿಡಿದು ಶೆಡ್ಡಿಗೆ ಬಂದೆ. "ಪಾಲಿಶ್, ಮೂಸಿ ನೋಡೋ, ಏನೋ ಸಿಹಿ ಸಿಹಿ ವಾಸನೆ." ಮೂಸಿದೆ. ನನ್ನ ಬಕೆಟ್ಟಿನದೇ ವಾಸನೆ, ನನಗೆ ಗೊತ್ತಾಗದೆ ಇರುತ್ತದೆಯೇ? ಬಾಯಿ ಬಿಟ್ಟರೆ ಗುಂಡಿ ಅಗೆಯುತ್ತಾರೆ, ಕಪ್ ಹೋಗುತ್ತದೆ. "ಪಂಪ್ ಬಿಚ್ಚಿದ ಕೈ ಅಲ್ವೇನೋ, ನಿನ್ನ ಕೈ ವಾಸನೆ ಅದು. ಮೊದ್ಲು ಆ ಮೂಗಿಗೆ ಗ್ರೀಸ್ ಹಾಕಿಸ್ಕೋ," ಅಂದೆ. ಇಬ್ಬರೂ ನಕ್ಕೆವು. ನೀನು ಹೋಗಿ 'ವಾಸನೆ: ಇಲ್ಲ' ಅಂತ ಬರೆದೆ.

ಶನಿವಾರ ಬಕೆಟ್ಟು ಮತ್ತೆ ಗುಂಡಿಗೇ ಹೋಯಿತು. ಸೋಮವಾರದಿಂದ ನಾನು ಕ್ಯಾಂಪಿನ ಹೊರಗಿದ್ದ ಮನೆಯಿಂದ ಫ್ಲಾಸ್ಕಿನಲ್ಲಿ ನೀರು ತಂದೆ. ಹೊಟ್ಟೆನೋವು, ಕಾಯಿಸಿದ ನೀರೇ ಆಗಬೇಕು ಅಂತ ಎಲ್ಲರಿಗೂ ಹೇಳಿದೆ. ನೀನು ಪಾಪ ದಿನಾ ಕೇಳುತ್ತಿದ್ದೆ, "ಹೊಟ್ಟೆ ಹೇಗಿದೆಯೋ?" ಅಂತ.

ನಾಳೆ ಮತ್ತೆ ಆ ಮೂರು ಮಹಡಿ ಹತ್ತಿ ಇದಕ್ಕೂ ಸಹಿ ಹಾಕಿ ಬರುತ್ತೇನೆ. ಅದಕ್ಕೆ ಮೊದಲು ನಿನಗೆ ಹೇಳಬೇಕಿತ್ತು. ಗೋಡೆ ನೋಡಿಕೊಂಡು ಕೂರಬೇಡ. ನಿನ್ನ ಮೂಗು ಸರಿಯಾಗಿಯೇ ಇತ್ತು ಕಣೋ.