ಹದಿನೇಳನೇ ನಂಬರಿನ ಕೈ

ಮಾರ್ಚ್ 3, ಬೆಳಗ್ಗೆ 9.40

ಎಸಿ ಮತ್ತೆ ಹಟ ಹಿಡಿದಿದೆ. ಇಪ್ಪತ್ತೊಂದು ಡಿಗ್ರಿಗೆ ಇಳಿಯುವವರೆಗೆ ಯಾರ ಕೈಯನ್ನೂ ಅಳೆಯುವಂತಿಲ್ಲ. ಹೊಸ ಕ್ರೀಮಿನ ಪರೀಕ್ಷೆ ಇವತ್ತಿಂದ. ಇಪ್ಪತ್ತು ಜನ. ಎಲ್ಲರೂ ಕೈ ಬರಿದು ಮಾಡಿಕೊಂಡು ಅರ್ಧ ಗಂಟೆ ಸುಮ್ಮನೆ ಕೂರಬೇಕು – ಮಾತಿಲ್ಲ, ಫೋನಿಲ್ಲ. ಆಮೇಲೆ ಮುಂಗೈ ಮೇಲೆ ಪ್ರೋಬ್ ಇಟ್ಟು, ಚರ್ಮದಿಂದ ಎಷ್ಟು ನೀರು ಆರಿಹೋಗುತ್ತಿದೆ ಎಂದು ನೋಡುವುದು. ಚರ್ಮ ಗಟ್ಟಿಯಿದ್ದರೆ ಹತ್ತರೊಳಗೆ. ಮನಸ್ಸು ಕಲಕಿದರೆ ಬೆವರು, ಬೆವರಿದರೆ ರೀಡಿಂಗ್ ಹಾಳು. ಹಾಗಾಗಿ ಬಾಯಿ ಮುಚ್ಚಿಸುವುದೂ ನನ್ನ ಕೆಲಸ. ಅದರಲ್ಲಿ ನನ್ನದು ಎತ್ತಿದ ಕೈ.

ಸಂಜೆ

ಹದಿನೇಳನೇ ನಂಬರ್ – ಅಕ್ಕ!

ಐದು ವರ್ಷದಿಂದ ಮುಖ ನೋಡಿಲ್ಲ. ಅಮ್ಮ ಹೋದಾಗ ಮೂರು ದಿನ ಬಿಟ್ಟು ಬಂದವಳು. ಯಾಕೆ ತಡವಾಯಿತು ಅಂತ ಹೇಳಹೊರಟಿದ್ದಳು. ಬಾಗಿಲಲ್ಲೇ ನಿಲ್ಲಿಸಿ, "ಇನ್ನು ಈ ಕಡೆ ತಲೆ ಹಾಕಬೇಡ" ಎಂದಿದ್ದೆ.

ಫಾರಂ ನೋಡಿದೆ. ಕಾಯಿಲೆ – ಇಲ್ಲ. ಸಿಬ್ಬಂದಿಯಲ್ಲಿ ಸಂಬಂಧಿಕರು – ಇಲ್ಲ. ಸಂಬಂಧಿಕರನ್ನು ಸೇರಿಸುವಂತಿಲ್ಲ. ಆಫೀಸಿಗೆ ಹೇಳಬೇಕಿತ್ತು. ಹೇಳಲಿಲ್ಲ.

"ಹೇಗಿದ್ದೀಯೇ?" ಅಂದಳು.

"ಮಾತಾಡಬೇಡಿ. ರೀಡಿಂಗ್ ಹಾಳಾಗುತ್ತೆ."

"ನನಗೂ ಬಹುವಚನಾನಾ? ನಿನ್ನ ಜಡೆ ಹೆಣೆದ ಕೈ ಕಣೇ ಇದು."

ಪುಣ್ಯಕ್ಕೆ ಪಕ್ಕದ ಕುರ್ಚಿಯವರು ತೂಕಡಿಸುತ್ತಿದ್ದರು. ಎಡಗೈ 6, ಬಲಗೈ 7. ಆಮೇಲೆ ಟೇಪ್ ಅಂಟಿಸಿ ಕೀಳುವುದು – ಇಪ್ಪತ್ತು ಸಲ, ಚರ್ಮ ಸೋಲುವವರೆಗೆ; ಕ್ರೀಮ್ ಅದನ್ನು ಎಷ್ಟು ಬೇಗ ಸರಿಮಾಡುತ್ತದೆ ಎಂದು ನೋಡಬೇಕಲ್ಲ. ಉಳಿದವರಿಗೆ ಮೆಲ್ಲಗೆ ಕೀಳುತ್ತೇನೆ. ಅವಳಿಗೆ ಹಾಗೆ ಕೀಳಲಿಲ್ಲ. ಒಂದು ಸಲವೂ 'ಹಾ' ಅನ್ನಲಿಲ್ಲ ಮಹಾತಾಯಿ. ಒಂದು ಕೈಗೆ ಕ್ರೀಮ್ ಹಚ್ಚಿ ಕಳಿಸಿದೆ.

ಮಾರ್ಚ್ 5

ಇಪ್ಪತ್ತೈದು ನಿಮಿಷ ಗಪ್‌ಚಿಪ್. ಆಮೇಲೆ ಮೆಲ್ಲಗೆ, "ಅಮ್ಮ ಹೋದ ದಿನ ನಾನು..."

"ಶ್!" ಗೋಡೆಯ ಬೋರ್ಡ್ ತೋರಿಸಿದೆ.

ಇವತ್ತು ಹದಿನೈದರ ಆಸುಪಾಸು ಬರಬೇಕಿತ್ತು. 41 ಬಂತು. ಇನ್ನೊಂದು ಅರ್ಧ ಗಂಟೆ ಕೂರಿಸಿದೆ. 44. ಎರಡೂ ಕೈ ಒದ್ದೆ. ನಿಯಮದಂತೆ ನಾಳೆ ಮತ್ತೆ ಕರೆಯಬಹುದು, ಇಲ್ಲವೇ ಪರೀಕ್ಷೆಯಿಂದಲೇ ತೆಗೆಯಬಹುದು. ಅವಳ ಕಣ್ಣೆದುರೇ ಬರೆದೆ – 'ಬೆವರು. ತೆಗೆಯಲಾಗಿದೆ.'

"ಹಾಗಾದ್ರೆ ಎಂಟನೇ ತಾರೀಖು ಬರೋದು ಬೇಡ್ವಾ?"

"ಬೇಡ."

ಬ್ಯಾಗ್ ಎತ್ತಿಕೊಂಡು ಹೋದಳು. ಗೆದ್ದೆ ಅನ್ನಿಸಿತು. ಹೌದು, ಅನ್ನಿಸಿತು. ಸುಳ್ಳು ಯಾಕೆ ಬರೆಯಲಿ?

ಮಾರ್ಚ್ 8

ಹದಿನೇಳನೇ ಕುರ್ಚಿ ಖಾಲಿ. ಎಷ್ಟು ಸಲ ಬಾಗಿಲು ನೋಡಿದೆನೋ.

"ಯಾರನ್ನ ಕಾಯ್ತಿದ್ದೀರಿ?" ಸೂಪರ್‌ವೈಸರ್ ಕೇಳಿದರು.

"ಎಸಿ ರಿಪೇರಿಯವರನ್ನ."

ಅವಳ ನಂಬರ್ ಫಾರಂನಲ್ಲಿದೆ. ನಾಳೆ ಫೋನ್ ಮಾಡಬೇಕು. ಅವಳು ಹೇಳಲಿ, ನಾನು ಕೇಳುತ್ತೇನೆ. ನಾಳೆ ಖಂಡಿತ.

ಮಾರ್ಚ್ 15

ಮಾಡಲಿಲ್ಲ. ಭಾವನೇ ಮಾಡಿದರು.

ನಿನ್ನೆ ಹೃದಯದ ಆಪರೇಷನ್. ತಿಂಗಳ ಹಿಂದೆಯೇ ದಿನ ಗೊತ್ತಾಗಿತ್ತಂತೆ. "ಟೇಬಲ್ ಮೇಲೇ ಹೋಗ್ಬಿಟ್ಲು ಕಣಮ್ಮಾ..."

ಕಾಯಿಲೆ ಇಲ್ಲ ಅಂತ ಬರೆದಿದ್ದಳಲ್ಲ, ಪಾಪಿ. ನಾನು ಪಾಪಿ.

ಮಾರ್ಚ್ 16, ಮಧ್ಯಾಹ್ನ

ಅವಳನ್ನು ಕಳಿಸಿಕೊಟ್ಟು ಬಂದೆ. ಮುಂಗೈ ಮೇಲೆ ನನ್ನ ಟೇಪಿನ ಗುರುತು ಇನ್ನೂ ಮಾಸಿರಲಿಲ್ಲ. ಎಲ್ಲರೆದುರು ಗೋಳೋ ಎಂದು ಅತ್ತುಬಿಟ್ಟೆ.

ಭಾವ ನೀರು ಕೊಟ್ಟು ಪಕ್ಕದಲ್ಲಿ ಕೂತರು. "ನಿನ್ನ ಮನೆಗೆ ಬಂದ್ರೆ ಬಾಗಿಲು ಹಾಕ್ತೀಯ, ಲ್ಯಾಬಲ್ಲಾದ್ರೆ ಕೈ ಹಿಡೀಲೇಬೇಕಲ್ಲ ಅಂತ ನಗ್ತಿದ್ಲು. ಹೇಳಿದ್ಲಲ್ಲಾ, ಅವತ್ತು ಯಾಕೆ ಬರೋಕಾಗ್ಲಿಲ್ಲ ಅಂತ? ಆಗ ನಾನು ಊರಲ್ಲಿರಲಿಲ್ಲ. ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ಮೊದಲು ತಂಗಿಗೇ ಹೇಳ್ಬೇಕು ಅಂತಿದ್ಲು."

"ಹೇಳಿದ್ಲು ಭಾವ" ಅಂದೆ.

ಅವರ ಮುಖ ಎಷ್ಟು ಹಗುರಾಯಿತು, ದೇವರೇ.

"ಏನಂದ್ಲು?"

ನಾನು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ – ಸುಳ್ಳು ಯಾಕೆ ಬರೆಯಲಿ?