ಹಸಿರು ಗೌನಿನ ಕೊಕ್ಕೆಗಳು

ಹ್ಯಾಟಿ,

ಚೌಡರ್ ಸೂಪು ಒಲೆ ಮೇಲಿದೆ. ಬೆಚ್ಚಗೆ ಮಾಡ್ಕೋ ಸಾಕು, ಕುದಿಸಿದರೆ ಹಾಲು ಒಡೆಯುತ್ತೆ. ಬೆಕ್ಕಿಗೆ ಊಟ ಹಾಕಿದ್ದಾಗಿದೆ, ಅದರ ನಾಟಕ ನಂಬಬೇಡ. ನಿನ್ನ ಕನ್ನಡಕ ಬಚ್ಚಲುಮನೆ ಕಿಟಕಿ ಹತ್ತಿರ ಇದೆ.

ನಾನು ಪ್ರಾವಿಡೆನ್ಸ್‌ಗೆ, ಮಿಲಿ ಚಿಕ್ಕಮ್ಮನ ಮನೆಗೆ ಹೋಗ್ತಿದ್ದೀನಿ. ಫೋನ್ ಮಾಡಬೇಡ. ನಿನ್ನೆ ಲೈಬ್ರರಿಯಲ್ಲಿ ಅಷ್ಟು ಜನರ ಮುಂದೆ "ನನ್ನ ತಂಗಿ ಟೈಪ್ ಮಾಡಿಕೊಡ್ತಾಳೆ, ಪಾಪ" ಅಂದೆಯಲ್ಲ, ನಾನು ಹಿಂದಿನ ಸಾಲಲ್ಲೇ ಕೂತಿದ್ದೆ. ಹೆಸರು ನಿನ್ನದು, ಬರವಣಿಗೆ ನನ್ನದು ಅಂತ ಒಪ್ಪಿದವಳು ನಾನೇ. ಜನರ ಮುಂದೆ ನನಗೆ ಮಾತು ಹೊರಡಲ್ಲ, ನೀನು ಮಿಂಚ್ತೀಯ. ಅದಕ್ಕೆ ತಕರಾರಿಲ್ಲ. ಆದರೆ ಒಂಬತ್ತು ಕಾದಂಬರಿ ಬರೆದುಕೊಟ್ಟವಳಿಗೆ ಆ 'ಪಾಪ' ಸ್ವಲ್ಪ ಭಾರ ಆಯ್ತು ಕಣೇ. ಜಗಳ ಆಡೋಕೂ ತ್ರಾಣ ಇಲ್ಲ.

ಹತ್ತನೆಯದಕ್ಕೆ ನೀನೇ ಕೂತು ಬರೆದ ಅಧ್ಯಾಯ ಓದಿದೆ. ಚೆನ್ನಾಗೇ ಇದೆ, ಒಂದು ತಪ್ಪು ಬಿಟ್ಟರೆ. ಬಟ್ಟೆ ಒಗೆಯೋಳ ಮಗಳು ಅನ್ನೋದನ್ನ ಮುಚ್ಚಿಟ್ಟು ನ್ಯೂಪೋರ್ಟಿನ ಸಿರಿವಂತರ ನಡುವೆ ಮೆರೆಯೋ ನಮ್ಮ ಕಥಾನಾಯಕಿ ಕಾರ್ನೀಲಿಯಾ, ನೃತ್ಯಕೂಟ ಮುಗಿಸಿ ಬಂದು ಒಬ್ಬಳೇ ಗೌನ್ ಕಳಚುತ್ತಾಳೆ. ಅವಳ ಕಾಲದ ಗೌನಿಗೆ ಬೆನ್ನುದ್ದಕ್ಕೂ ಇಪ್ಪತ್ತೆಂಟು ಕೊಕ್ಕೆ. ಎಂಥಾ ದೊಡ್ಡ ಮನೆಯವಳಿಗೂ ಕೈ ಎಟುಕಲ್ಲ. ಹಿಂದೆ ಒಬ್ಬಳು ನಿಂತಿರಲೇಬೇಕು, ಅವಳಿಗೆ ಎಲ್ಲಾ ಗುಟ್ಟೂ ಗೊತ್ತಿರುತ್ತೆ. ತಿದ್ದಿಬಿಡು.

ಸಂಜೆ ಪ್ರಶಸ್ತಿ ಸಮಾರಂಭಕ್ಕೆ ನಿನ್ನ ಹಸಿರು ಗೌನ್ ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದ್ದೀನಿ.

ಅದಕ್ಕೂ ಕೊಕ್ಕೆ ಬೆನ್ನಿಗೇ.

ಡೆಲ್ಲಾ